ನೀಲಿ ವೇಲಿನ ಮಳೆ

ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಇಳಿದ ಹೀನಾಳನ್ನು ಮೊದಲು ಬೈದವಳು ಬಾಳೆಹಣ್ಣು ಮಾರುವ ಹೆಂಗಸು. ಇಬ್ಬರಿಗೂ ಪರಿಚಯವಿರಲಿಲ್ಲ. ಬೈಯಲಿಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

“ಅಲ್ಲವಾ, ಮೊನ್ನಿ ಮಳಿ ಇರದಾಗ ನೀಲಿ ವೇಲ್ ಯಾಕ ಹಾಕ್ಕೊಂಡಿದ್ದಿ?”

“ನನಗ ಕೇಳಾಕತ್ತೀರೇನ್ರಿ?”

“ಮತ್ಯಾರಿಗೆ? ಟೀವಿಯಾಗ ಮಳಿ ಹೇಳಾಕಿ ನೀನಲ್ಲೇನು?”

ಹೀನಾ ಹೌದೆಂದಳು. ಆ ಹೆಂಗಸು ಇನ್ನೇನೂ ವಿವರಿಸದೆ, ತಾನು ಹೇಳುವುದನ್ನು ಹೇಳಿ ಮುಗಿಸಿದವಳಂತೆ ಬಾಳೆಹಣ್ಣಿನ ಮೇಲಿನ ನೊಣ ಹೊಡೆಯತೊಡಗಿದಳು. ಮುಂದೆ ಆಟೋದವನು ಹೀನಾಳ ಮುಖ ನೋಡಲಿಲ್ಲ, ತಲೆಯ ಮೇಲಿನ ಹಸಿರು ವೇಲು ನೋಡಿದ. “ಇವತ್ತ ಹಸಿರೈತಿ. ಆತು ಬಿಡ್ರಿ,” ಎಂದು ಆಟೋದ ಪಕ್ಕಕ್ಕೆ ಇಳಿಬಿಟ್ಟಿದ್ದ ಪರದೆಯನ್ನು ಸುತ್ತಿ ಮೇಲಕ್ಕೆ ಕಟ್ಟಿಕೊಂಡ.

ಹೀನಾಳಿಗೆ ಒಂದೂ ತಿಳಿಯಲಿಲ್ಲ. ತನ್ನನ್ನು ಜನ ಗುರುತಿಸುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ಸುಳ್ಳು ಯಾಕೆ ಹೇಳಬೇಕು, ಅದು ಅವಳಿಗೆ ಹಿತವಾಗಿಯೇ ಇತ್ತು.

ರಾಣೆಬೆನ್ನೂರಿನ ಶಂಭು ಕೇಬಲ್‌ನಲ್ಲಿ ಅವಳು ದಿನಾ ಸಂಜೆ ಆರೂವರೆಗೆ ಹವಾಮಾನ ಹೇಳುತ್ತಿದ್ದಳು. ಯಾವ ಅಂಗಡಿ ಉದ್ಘಾಟನೆಯಾಯಿತು, ನಾಳೆ ಯಾವ ಓಣಿಗೆ ಕರೆಂಟಿಲ್ಲ, ಮೇಡ್ಲೇರಿಯಲ್ಲಿ ಯಾರ ಎಮ್ಮೆ ಕಳೆದಿದೆ, ಇವೆಲ್ಲ ಮುಗಿದ ಮೇಲೆ ಕೊನೆಗೆ ಐದು ನಿಮಿಷ ಅವಳದು. ಭಾನುವಾರ ಒಂದು ದಿನ ಬಿಟ್ಟರೆ ಉಳಿದೆಲ್ಲ ದಿನ ನೇರ ಪ್ರಸಾರ. ಹಿಂದೆ ಗೋಡೆಗೆ ಶಾಲೆ ಮಕ್ಕಳ ಕರ್ನಾಟಕದ ನಕ್ಷೆ, ಮುಂದೆ ಮೇಜು, ಮೇಜಿನ ಮೇಲೆ ಮಡಚಿಟ್ಟ ಒಂದು ನೀಲಿ ತಾಡಪತ್ರಿ. ಹವಾಮಾನದ ಪ್ರಾಯೋಜಕ ನಿಜಲಿಂಗಪ್ಪನದು ತಾಡಪತ್ರಿ ಅಂಗಡಿ. ಹೊದಿಸುವ ಸರಕು ಮಾರುವವನೇ ಮಳೆಗೂ ಪ್ರಾಯೋಜಕ ಎಂಬುದನ್ನು ರಾಣೆಬೆನ್ನೂರಿನಲ್ಲಿ ಯಾರೂ ವಿಚಿತ್ರವೆಂದು ತಿಳಿದಿರಲಿಲ್ಲ.

ಹೀನಾ ಈ ಕೆಲಸವನ್ನು ಬೇರೆಯವರು ತಿಳಿದದ್ದಕ್ಕಿಂತ ಹೆಚ್ಚು ಗಂಭೀರವಾಗಿ ಹಿಡಿದಿದ್ದಳು. ಬಿ.ಎಸ್ಸಿ. ಮುಗಿಸಿದ್ದಳು. ದಿನಾ ಮಧ್ಯಾಹ್ನ ಸೈಬರ್ ಕೆಫೆಗೆ ಹೋಗಿ ಉಪಗ್ರಹದ ಚಿತ್ರ ನೋಡುವಳು, ಹವಾಮಾನ ಇಲಾಖೆಯ ಪ್ರಕಟಣೆ ಓದುವಳು, ಅನುಮಾನ ಬಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡುವಳು. ಮಾತುಗಳನ್ನು ತಾನೇ ತಿದ್ದಿ ತೀಡಿ ಬರೆಯುವಳು. ಅವಳಿಗೆ ಬೇಕಾದದ್ದು ಒಂದೇ. ತಾನು ಹೇಳಿದ್ದನ್ನು ಜನ ಕೇಳಬೇಕು.

ಆ ಆಸೆಗೆ ಮಕ್ತುಮಸಾಬನ ಅಂಗಳದಲ್ಲಿ ಕಲ್ಲು ಬಿತ್ತು.

ಮಕ್ತುಮಸಾಬನದು ಬ್ಯಾಡಗಿಯಲ್ಲಿ ಖಾರದ ಗಿರಣಿ. ಗಿರಣಿಯ ಮಗ್ಗುಲಿಗೆ ತಗಡಿನ ಶೆಡ್ಡು, ಅದರಾಚೆ ಮೆಣಸಿನಕಾಯಿ ಒಣಹಾಕುವ ಕಣ. ಮಾರ್ಚ್ ತಿಂಗಳಲ್ಲಿ ಆ ಕಣ ನೋಡಿದರೆ ಕಣ್ಣು ಚುಚ್ಚುವಷ್ಟು ಕೆಂಪು. ಶೆಡ್ಡಿನಲ್ಲಿ ಸಾಲಾಗಿ ಕುಳಿತ ಹೆಂಗಸರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರಲ್ಲಿ ಹೀನಾಳ ತಾಯಿಯ ತಂಗಿ ಹಸೀನಾಬಿಯೂ ಒಬ್ಬಳು. ಹೀನಾ ಬಂದದ್ದು ಖಾಲಾಳನ್ನು ನೋಡಿ, ಮನೆಯಿಂದ ತಂದ ಶೇಂಗಾ ಚಟ್ನಿ ಕೊಟ್ಟು ಹೋಗಲಿಕ್ಕೆ.

“ಬಂದ್ಲು ನೋಡ್ರಿ ಸುಳ್ಳಿ,” ಎಂದಳು ಮಂಗಳವ್ವ. ಆ ಹೆಂಗಸರಿಗೆಲ್ಲ ಮುಂದಾಳು ಅವಳೇ.

ಖಾಲಾ ಬಾಯಿಗೆ ಕಟ್ಟಿದ ಬಟ್ಟೆ ತೆಗೆಯದೆಯೇ ನಕ್ಕಳು. ನಗು ಕಣ್ಣಿನಲ್ಲಷ್ಟೇ ಕಂಡಿತು. “ಮೊನ್ನಿ ನೀಲಿ ಹಾಕ್ಕೊಂಡಿದ್ದೆಲ್ಲ. ಇವರು ಕಣಾನೆಲ್ಲಾ ಮುಚ್ಚಿದ್ರು. ಮಳಿ ಎಲ್ಲಿ? ಹನಿ ಇಲ್ಲ.”

“ಮೊನ್ನೆ ನಾ ಒಣ ಹವೆ ಅಂತ ಬಾಯಿ ಬಿಟ್ಟು ಹೇಳೇನಲ್ಲ ಖಾಲಾ.”

“ಬಾಯಿ ಯಾರು ಕೇಳ್ತಾರ?” ಎಂದಳು ಮಂಗಳವ್ವ. “ಗಿರಣಿಗೆ ಕರೆಂಟ್ ಬರೂದ ಸಂಜಿಕೆ. ನೀ ಟೀವಿಯಾಗ ಬರೂದೂ ಸಂಜಿಕೆ. ಆ ಸಪ್ಪಳದಾಗ ನಿನ್ನ ಬಾಯಿ ಮೀನಿನ ಬಾಯಿ ಹಂಗ ಬರೇ ತಗದು ಮುಚ್ಚತೇತಿ. ನಾವು ನೋಡೂದು ವೇಲ್. ಹಸಿರಿದ್ರ ಬಿಸಲು, ನೀಲಿ ಇದ್ರ ಮಳಿ. ಎರಡ ವರ್ಷಾತು, ಮೊನ್ನಿ ಬಿಟ್ರ ಒಮ್ಮೆನೂ ತಪ್ಪಿಲ್ಲ.”

ಶೆಡ್ಡಿನ ಗೋಡೆಗೆ ಹಲಗೆ ಬಡಿದು ಅದರ ಮೇಲೆ ಒಂದು ಟೀವಿ ಇಟ್ಟಿದ್ದರು. ಅದರ ಗಾಜಿನ ಮೇಲೆ ಖಾರದ ಧೂಳು ಕೂತು ಎಲ್ಲರ ಮುಖವೂ ಜ್ವರ ಬಂದವರಂತೆ ಕಾಣುತ್ತಿತ್ತು. ಎರಡು ವರ್ಷ ತಾನು ತಿದ್ದಿ ತೀಡಿದ ಮಾತುಗಳೆಲ್ಲ ಇಲ್ಲಿಗೆ ಬಂದು ಎರಡು ಬಣ್ಣವಾಗಿವೆ ಎಂದು ತಿಳಿದು ಹೀನಾಳಿಗೆ ಮೈಯೆಲ್ಲ ಉರಿಯಿತು.

“ಒಂದಿನಾನೂ ನನ್ನ ಮಾತು ಕೇಳೇ ಇಲ್ಲೇನ್ರಿ?”

“ಒಮ್ಮೆ ಕೇಳೇವಿ. ಅವತ್ತ ಗಿರಣಿ ಕೆಟ್ಟಿತ್ತು.” ಮಂಗಳವ್ವ ಕೈಯಲ್ಲಿದ್ದ ಕಾಯಿಯನ್ನು ಮೈಕಿನಂತೆ ಹಿಡಿದು ಧ್ವನಿ ಬದಲಿಸಿದಳು. “ಕೆಲವೆಡೆ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ, ಇನ್ನು ಕೆಲವೆಡೆ ಒಣ ಹವೆ ಇರುವ ಸಂಭವ ಇದೆ. ಎಲ್ಲೆವಾ ಕೆಲವೆಡೆ? ನಮ್ಮ ಕಣ ಯಾವ ಕೆಲವೆಡ್ಯಾಗ ಬರತೇತಿ? ವೇಲಿಗಾದ್ರ ಒಂದ ಬಣ್ಣ ಇರತೇತಿ.”

ಹೆಂಗಸರೆಲ್ಲ ನಕ್ಕರು. ಖಾರದ ಘಾಟಿಗೆ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. ಹೀನಾ ನಗಲಿಲ್ಲ. ಆ ವಾಕ್ಯ ಅವಳದೇ. ಬರೆದಾಗ ಬಹಳ ಜವಾಬ್ದಾರಿಯ ವಾಕ್ಯವೆಂದು ಅನಿಸಿತ್ತು.

ಅಷ್ಟರಲ್ಲಿ ಮಕ್ತುಮಸಾಬ ಬಂದ. ಹುಬ್ಬಿನ ಮೇಲೆಲ್ಲ ಕೆಂಪು ಪುಡಿ. “ನಿನ್ನ ವೇಲಿನ ದೆಸಿಂದ ನನ್ನ ಡಬ್ಬಿ ಜಾತಿ ಕಾಯಿ ತಾಡಪತ್ರಿ ಬುಡಕ ಬೆವತು ಮಂಕಾದವು ನೋಡು ಬೇಟಿ.”

“ವೇಲಿಗೂ ಮಳಿಗೂ ಏನೂ ಸಂಬಂಧ ಇಲ್ಲರಿ ಚಾಚಾ.”

“ಹಂಗಾದ್ರ ಎರಡ ವರ್ಷ ಹೆಂಗ ಕೂಡಿ ಬಂತು?”

ಹೀನಾ ಚಟ್ನಿ ಕೊಟ್ಟು, ಚಹಾ ಬೇಡವೆಂದು, ಬಸ್ಸು ಹಿಡಿದಳು.

ಉತ್ತರ ಸಿಕ್ಕಿದ್ದು ಮೋಟೆಬೆನ್ನೂರಿನಲ್ಲಿ. ಬಸ್ಸು ನಿಂತಾಗ ರಸ್ತೆಯ ಪಕ್ಕದ ಮನೆಯ ಮುಂದೆ ಒಬ್ಬಳು ಹಗ್ಗದ ಮೇಲಿನ ಬಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಒಣಗಿದ್ದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು, ಒಣಗದ್ದನ್ನು ಹಗ್ಗಕ್ಕೇ ಬಿಟ್ಟಳು. ಹೀನಾ ತನ್ನ ಹಸಿರು ವೇಲಿನ ತುದಿ ಹಿಡಿದು ನೋಡಿದಳು. ದಪ್ಪ ಹತ್ತಿಯದು. ಅವಳಿಗೆ ಇಷ್ಟದ್ದು. ದಿನಾ ಒಗೆದು, ಮರುದಿನ ಅದನ್ನೇ ಹಾಕಿಕೊಳ್ಳುತ್ತಿದ್ದಳು. ಮೋಡ ಕವಿದು ಗಾಳಿಯಲ್ಲಿ ಪಸೆಯಿದ್ದ ದಿನ ಅದು ಸಂಜೆಯಾದರೂ ಒಣಗುತ್ತಿರಲಿಲ್ಲ. ಆಗ ನೈಲಾನಿನ ನೀಲಿಯೇ ಗತಿ, ಅದು ಝಾಡಿಸಿದರೆ ಒಣಗಿತು. ಮೊನ್ನೆ ಮಾತ್ರ ಬಿಸಿಲಿತ್ತು. ಆದರೆ ಕ್ಯಾಮೆರಾ ಹಿಡಿಯುವ ಜಾಕೀರ್ ಮಧ್ಯಾಹ್ನ ಹಸಿರು ವೇಲಿನ ಮೇಲೆ ಚಹಾ ಚೆಲ್ಲಿದ್ದ, ಮನೆಗೆ ಹೋಗಿ ನೀಲಿ ಹಾಕಿಕೊಂಡು ಬರಬೇಕಾಯಿತು.

ಅಂದರೆ ವೇಲಿಗೆ ಮಳೆ ತಿಳಿಯುತ್ತಿತ್ತು. ಹೆಂಗಸರು ಕಂಡದ್ದು ನಿಜ, ಕಾರಣ ಮಾತ್ರ ತಿರುವುಮುರುವು. ಹೀನಾ ಬಸ್ಸಿನಲ್ಲಿ ಒಬ್ಬಳೇ ನಕ್ಕಳು. ಕಂಡಕ್ಟರು ತಿರುಗಿ ನೋಡಿ, ತನ್ನ ಅಂಗಿಯ ಗುಂಡಿ ಸರಿಯಿವೆಯೇ ಎಂದು ನೋಡಿಕೊಂಡ.

ನಾಲ್ಕು ದಿನ ಕಳೆದು ಗುತ್ತಲದಲ್ಲಿ ಅಕಾಲದ ಮಳೆ ಬಿತ್ತು. ಒಂದೇ ತಾಸು, ಆದರೆ ಸಂತೆಯ ಚಪ್ಪರಗಳನ್ನೆಲ್ಲ ಕೆಡವಿ ಹೋಯಿತು. ಮರುದಿನ ಮಧ್ಯಾಹ್ನ ಚಾನೆಲ್ಲಿನ ಮಾಲೀಕ ಶಂಭುಲಿಂಗ ಹೀನಾಳನ್ನು ಕರೆದ. ಶಂಭುಲಿಂಗ ಕೆಟ್ಟವನಲ್ಲ. ಈಗಲೂ ವೈರು ಕಡಿದರೆ ತಾನೇ ಕಂಬ ಹತ್ತುವವನು. ಆದರೆ ರಾತ್ರಿ ಬೆಂಗಳೂರಿನ ದೊಡ್ಡ ಚಾನೆಲ್ಲುಗಳನ್ನು ನೋಡಿ, ಬೆಳಿಗ್ಗೆ ತಾನೂ ಅಂಥದ್ದೊಂದು ಮಾಡಬೇಕೆಂದು ಏಳುವ ಚಟವಿತ್ತು.

“ಇವತ್ತ ನಿನಗ ಐದು ನಿಮಿಷ ಅಲ್ಲ, ಹದಿನೈದು. ವಿಶೇಷ ಕಾರ್ಯಕ್ರಮ,” ಎಂದು ಹಾಳೆ ಕೊಟ್ಟ. ಮೇಲೆ ‘ಬ್ಯಾಡಗಿಯ ಕೊನೆಯ ಕಾಯಿ’ ಎಂದು ಬರೆದಿತ್ತು. ಹೀನಾ ಓದಿದಳು. ಗುತ್ತಲದ ಮಳೆ ಹವಾಮಾನ ಬದಲಾವಣೆಯ ಮೊದಲ ಹೊಡೆತ. ಹತ್ತು ವರ್ಷದಲ್ಲಿ ತುಂಗಭದ್ರೆ ಬತ್ತಿ ಮರಳಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಮೊಮ್ಮಕ್ಕಳು ಚಿತ್ರದಲ್ಲಿ ನೋಡುತ್ತಾರೆ.

“ಇದನ್ನ ಯಾರು ಹೇಳ್ಯಾರ್ರಿ ಸರ್?”

“ನಾನ ಬರದೇನಿ.”

“ನಿಮಗ ಯಾರು ಹೇಳಿದ್ರು?”

“ಟೀವಿಯಾಗ ಬಂತು.”

“ಯಾವ ಟೀವಿ?”

“ನಮ್ಮದಲ್ಲ ಬಿಡು. ನಮ್ಮದ್ರಾಗ ಎಮ್ಮಿ ಬಿಟ್ರ ಏನು ಬರತೇತಿ.”

ಹೀನಾ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಹವಾಮಾನ ಬದಲಾಗಾಕತ್ತಿದ್ದು ಖರೇ ಐತ್ರಿ. ಆದ್ರ ಗುತ್ತಲದ ಒಂದು ಮಳಿ ಹಿಡದು, ಇದು ಅದರಿಂದನ ಆತು ಅಂತ ಹೇಳಾಕ ಬರೂದಿಲ್ಲ. ಹತ್ತು ವರ್ಷಕ್ಕ ಹೊಳಿ ಬತ್ತತೇತಿ ಅನ್ನೂದಂತೂ ಯಾರಿಗೂ ಗೊತ್ತಿಲ್ಲ.”

“ಹಂಗಾದ್ರ ಖರೇ ಇಲ್ಲ ಅನ್ನು.”

“ಖರೇ ಐತಿ.”

“ಹಂಗಾದ್ರ ಹೇಳು.”

“ಹಿಂಗ ಹೇಳಾಕ ಬರೂದಿಲ್ಲ.”

“ನಿಂದು ಯಾವಾಗ್ಲೂ ಕೆಲವೆಡೆ ಐತಿ, ಕೆಲವೆಡೆ ಇಲ್ಲ.” ಶಂಭುಲಿಂಗ ಕೈ ಕೊಡವಿದ. “ನೋಡು ಹೀನಾ, ಅಂಜಿಸಲಿಲ್ಲಂದ್ರ ಮಂದಿ ಟೀವಿ ನೋಡೂದಿಲ್ಲ. ನೀ ಓದೂದಿಲ್ಲಂದ್ರ ಶ್ರೀದೇವಿ ಓದತಾಳ. ನಾಳಿಂದ ಹವಾಮಾನಾನೂ ಅಕಿನ ಹೇಳಲಿ. ಅಕಿ ನಿನ್ನಂಗ ಪ್ರಶ್ನಿ ಕೇಳೂದಿಲ್ಲ.”

ಶ್ರೀದೇವಿ ವಾರ್ತೆ ಓದುವವಳು. ಮೂಲೆಯಲ್ಲಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದವಳು ತಲೆಯೆತ್ತಿ, “ನಾ ಒಲ್ಲೆರಿ, ಬ್ಯಾಡಗಿ ಮಂದಿ ಬಸ್ ಸ್ಟ್ಯಾಂಡಿನ್ಯಾಗ ಬೈತಾರಂತ,” ಎಂದಳು. ಶಂಭುಲಿಂಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೀನಾ ಸೈಬರ್ ಕೆಫೆಗೆ ಹೋದಳು. ಆ ಕುರ್ಚಿ ಅವಳಿಗೆ ಬೇಕಿತ್ತು. ಬೇಕಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವಷ್ಟು ದೊಡ್ಡವಳು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಳೆ ಓದಿದರೆ ಕುರ್ಚಿ ಉಳಿಯುತ್ತದೆ, ಮಾತು ಹೋಗುತ್ತದೆ. ಹೋಗಲಿಕ್ಕೆ ಆ ಮಾತನ್ನಾದರೂ ಯಾರು ಕೇಳುತ್ತಿದ್ದಾರೆ? ಹೀಗೆ ಯೋಚಿಸುತ್ತಿರುವಾಗ ಪರದೆಯ ಮೇಲೆ ಉಪಗ್ರಹದ ಚಿತ್ರ ಮೆಲ್ಲಗೆ ಮೇಲಿನಿಂದ ಕೆಳಗೆ ತೆರೆದುಕೊಂಡಿತು. ಅರಬ್ಬಿ ಸಮುದ್ರದಿಂದ ಬಿಳಿ ಮೋಡದ ಪಟ್ಟಿಯೊಂದು ಒಳನಾಡಿಗೆ ಬಂದಿತ್ತು. ಇಲಾಖೆಯ ಪ್ರಕಟಣೆಯಲ್ಲೂ ಇತ್ತು, ನಾಳೆ ಗುಡುಗು ಮಳೆ. ಧಾರವಾಡಕ್ಕೆ ಫೋನ್ ಮಾಡಿದಳು. ಅಲ್ಲಿನವರು, “ನಿಮ್ಮ ಕಡೆ ಬರೂದ ಹೆಚ್ಚು. ಕಣದಾಗ ಮಾಲಿದ್ರ ಮುಚ್ಚಸ್ರಿ,” ಎಂದರು.

ಹೊರಗೆ ಬಂದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿ ಎಷ್ಟು ಒಣಗಿತ್ತೆಂದರೆ, ಬೆಳಿಗ್ಗೆ ಒಗೆದ ಹಸಿರು ವೇಲು ಒಂದೇ ತಾಸಿಗೆ ಹಪ್ಪಳವಾಗಿತ್ತು. ಅದನ್ನೇ ಹಾಕಿಕೊಂಡು ಬಂದಿದ್ದಳು.

ಅವಳಿಗೆ ಅದು ಹೊಳೆದದ್ದು ಸ್ಟುಡಿಯೋದಲ್ಲಿ, ಜಾಕೀರ್ ಮುಖದ ಮೇಲೆ ಲೈಟು ಬಿಟ್ಟಾಗ. ತಲೆಯ ಮೇಲೆ ಹಸಿರು. ಬ್ಯಾಡಗಿಯಲ್ಲಿ ಗಿರಣಿ ಶುರುವಾಗಿರುತ್ತದೆ. ತಾನು ಮಳೆ ಎಂದು ಎಷ್ಟೇ ಕೂಗಿದರೂ ಅವರಿಗೆ ಕಾಣುವುದು ಬಿಸಿಲು. ನೀಲಿ ವೇಲು ಮನೆಯಲ್ಲಿ, ಮನೆ ಊರಿನ ಆ ತುದಿಗೆ. ಮಕ್ತುಮಸಾಬನಿಗೆ ಫೋನ್ ಮಾಡಿದಳು. ಗಿರಣಿ ಸಪ್ಪಳದಲ್ಲಿ ಎಲ್ಲಿ ಕೇಳೀತು, ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಕೇಳಿದ್ದರೂ ಅದು ಒಂದು ಕಣ. ಬಾಳೆಹಣ್ಣಿನವಳೂ ಆಟೋದವನೂ ವೇಲು ನೋಡುತ್ತಾರೆಂದ ಮೇಲೆ ಊರೆಲ್ಲ ನೋಡುತ್ತದೆ ಎಂದೇ ಅರ್ಥ.

“ಶುರು ಮಾಡು,” ಎಂದ ಶಂಭುಲಿಂಗ ಕ್ಯಾಮೆರಾದ ಹಿಂದಿನಿಂದ. ಅವನ ಹಾಳೆ ಅವಳ ಮುಂದಿತ್ತು. ಹಾಳೆಯ ಪಕ್ಕದಲ್ಲಿ, ದಿನಾ ಇರುವಂತೆ, ನಿಜಲಿಂಗಪ್ಪನ ತಾಡಪತ್ರಿ.

ನೀಲಿ.

ಹೀನಾ ಅದನ್ನು ಎತ್ತಿ, ಮಡಿಕೆ ಬಿಡಿಸಿ, ತಲೆಯ ಮೇಲೆ ಹೊದ್ದುಕೊಂಡಳು. ಹೊಸ ತಾಡಪತ್ರಿ ಗರಗರ ಸಪ್ಪಳ ಮಾಡಿತು. ಅದು ಬಹಳ ದೊಡ್ಡದಿತ್ತು. ಒಂದು ಅಂಚು ಮೇಜು ದಾಟಿ ನೆಲಕ್ಕಿಳಿಯಿತು, ಇನ್ನೊಂದು ಅಂಚು ಕರ್ನಾಟಕದ ನಕ್ಷೆಯನ್ನು ಕಾರವಾರದವರೆಗೆ ಮುಚ್ಚಿತು. ನಡುವೆ ಅವಳ ಮುಖವೊಂದೇ ಕಾಣುತ್ತಿತ್ತು. ಶಂಭುಲಿಂಗ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಜಾಕೀರ್ ನಗು ತಡೆಯಲಾಗದೆ ನಡುಗಿದ, ಅವನೊಂದಿಗೆ ಚಿತ್ರವೂ ನಡುಗಿತು. ಗಾಳಿ ಆಗಲೇ ಶುರುವಾಗಿದೆ ಎಂದು ಬ್ಯಾಡಗಿಯಲ್ಲಿ ತಿಳಿದರಂತೆ.

“ನಾಳೆ ಸಂಜೆಯೊಳಗೆ ಗುಡುಗು ಮಳೆ ಬರುತ್ತದೆ ಎಂದು ನನಗೆ ಅನಿಸುತ್ತದೆ,” ಎಂದಳು ಹೀನಾ. “ಕೆಲವೆಡೆ ಎನ್ನುವುದಿಲ್ಲ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು, ಮೇಡ್ಲೇರಿ ಎಂದೇ ಹೇಳುತ್ತೇನೆ. ಇಂಥ ಮೋಡ ಹತ್ತು ಸಲ ಕಟ್ಟಿದರೆ ಏಳು ಸಲ ಮಳೆ ಬರುತ್ತದೆ, ಮೂರು ಸಲ ಬರುವುದಿಲ್ಲ ಎಂದು ನನ್ನ ಅಂದಾಜು. ಕಣದಲ್ಲಿ ಕಾಯಿ ಇದ್ದವರು ನಾಳೆ ಮಧ್ಯಾಹ್ನ ಮುಚ್ಚಿ. ಈಗಲೇ ಮುಚ್ಚಿದರೆ ಬೆವರುತ್ತವೆ. ಮಳೆ ಬರದಿದ್ದರೆ ನನ್ನನ್ನು ಬೈಯಿರಿ, ವೇಲನ್ನು ಬೈಯಬೇಡಿ.”

ಆಮೇಲೆ ಶಂಭುಲಿಂಗನ ಹಾಳೆ ಎತ್ತಿಕೊಂಡಳು. ಶಂಭುಲಿಂಗ ತಲೆಯ ಮೇಲಿನ ಕೈ ಇಳಿಸಿದ.

“ನಮ್ಮ ಮಾಲೀಕರು ನನಗೊಂದು ಪ್ರಶ್ನೆ ಬರೆದುಕೊಟ್ಟಿದ್ದಾರೆ. ಗುತ್ತಲದ ಮಳೆ ಹವಾಮಾನ ಬದಲಾವಣೆಯಿಂದ ಬಂತೇ? ಬ್ಯಾಡಗಿ ಪೇಟೆಯಲ್ಲಿ ಒಂದು ಕಾಯಿ ನೋಡಿ ಯಾರೂ ಚೀಲಕ್ಕೆ ದರ ಹಚ್ಚುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ಹಿಡಿ ತೆಗೆದು ನೋಡುತ್ತಾರೆ. ಗುತ್ತಲದ ಮಳೆ ಒಂದು ಕಾಯಿ. ಅದೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ಆದರೆ ಚೀಲವನ್ನು ನೋಡಿದವರಿದ್ದಾರೆ. ಎಷ್ಟೋ ವರ್ಷಗಳ ಮಳೆ ಬಿಸಿಲು ಅಳೆದವರು. ಭೂಮಿ ಬಿಸಿಯಾಗುತ್ತಿದೆ ಎಂದು ಅವರು ಹೇಳುತ್ತಾರೆ, ಅದು ನಿಜ. ನಾವು ಸುಡುವ ಕಲ್ಲಿದ್ದಲು, ಡೀಸೆಲ್ಲು ಅದಕ್ಕೆ ಕಾರಣ, ಅದೂ ನಿಜ. ಬಿಸಿ ಗಾಳಿ ಹೆಚ್ಚು ನೀರು ಹಿಡಿಯುತ್ತದೆ, ಹಿಡಿದದ್ದನ್ನು ಒಮ್ಮೆಲೇ ಸುರಿಯಬಲ್ಲದು. ಹಳೇ ಲೆಕ್ಕ ಹಿಡಿದು ಮಾರ್ಚ್ ತಿಂಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ಯಾಡಗಿ ಕಾಯಿ ಹತ್ತು ವರ್ಷಕ್ಕೆ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಗೊತ್ತಿಲ್ಲ. ಏನೂ ಆಗಿಲ್ಲ ಎಂದು ಹೇಳಿದರೆ ಅವರಿಗೂ ಗೊತ್ತಿಲ್ಲ. ನಮಸ್ಕಾರ.”

ಲೈಟು ಆರಿತು. ತಾಡಪತ್ರಿಯೊಳಗೆ ಅವಳು ಬೆವತು ನೀರಾಗಿದ್ದಳು.

“ನಾ ಪ್ರಶ್ನಿ ಬರದಿದ್ನೇನು?” ಎಂದ ಶಂಭುಲಿಂಗ.

ಅವಳು ಉತ್ತರ ಕೊಡುವ ಮೊದಲು ಫೋನ್ ಹೊಡೆದುಕೊಂಡಿತು. ನಿಜಲಿಂಗಪ್ಪ. ಅವನ ಧ್ವನಿ ಕೋಣೆಯ ಆ ಮೂಲೆಗೂ ಕೇಳುತ್ತಿತ್ತು. ಇಷ್ಟು ವರ್ಷ ಮೇಜಿನ ಮೇಲಿಟ್ಟದ್ದು ತನ್ನ ತಪ್ಪು, ತಾಡಪತ್ರಿ ತಲೆಯ ಮೇಲೆಯೇ ಚೆಂದ, ಆ ಹುಡುಗಿಗೆ ನಾಳೆಯಿಂದ ದಿನಾ ಅದನ್ನೇ ಹೊದ್ದುಕೊಳ್ಳಲು ಹೇಳಬೇಕು.

“ಮಳಿ ಇಲ್ಲದಿದ್ರ ಹೊದ್ಕೊಳ್ಳೂದಿಲ್ಲ ಅಂತ ಹೇಳ್ರಿ ಸರ್.”

ಶಂಭುಲಿಂಗ ಫೋನಿನ ಬಾಯಿ ಮುಚ್ಚಿ ಅವಳ ಕಡೆ ತಿರುಗಿದ. “ನಾಳಿ ಮಳಿ ಬಂದ್ರ ನೀನು. ಬರಲಿಲ್ಲಂದ್ರ ಶ್ರೀದೇವಿ,” ಎಂದ.

ಮರುದಿನ ಬೆಳಿಗ್ಗೆ ಬಿಸಿಲು. ಮಧ್ಯಾಹ್ನವೂ ಬಿಸಿಲು. ಹೀನಾಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬೈಸಿಕೊಳ್ಳುವುದಾದರೆ ಅಲ್ಲೇ ಹೋಗಿ ಬೈಸಿಕೊಳ್ಳೋಣವೆಂದು ಬ್ಯಾಡಗಿಯ ಬಸ್ಸು ಹತ್ತಿದಳು.

ಮಕ್ತುಮಸಾಬನ ಕಣದಲ್ಲಿ ಕೆಂಪು ಎಂಬುದೇ ಇರಲಿಲ್ಲ. ನೀಲಿ, ಕಪ್ಪು, ಹಳದಿ ತಾಡಪತ್ರಿಗಳು, ಸಾಲದ್ದಕ್ಕೆ ಹಳೇ ಗೋಣಿಚೀಲ, ಒಂದು ಶಾಮಿಯಾನದ ತುಂಡು. ಅಂಚಿಗೆಲ್ಲ ಕಲ್ಲು. ಕಲ್ಲು ಸಾಲದ ಕಡೆ ಹೆಂಗಸರು ತಾವೇ ಕುಳಿತಿದ್ದರು. ಮಂಗಳವ್ವ ಒಂದು ಮೂಲೆಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

“ನೀ ಹೊದ್ಕೊಂಡಿ, ನಾವೂ ಹೊದಿಸಿದ್ವಿ,” ಎಂದಳು. “ವೇಲಿಗೆ ಸಣ್ಣ ಮಳಿ. ತಾಡಪತ್ರಿ ಅಂದ್ರ ದೊ‌ಡ್ಡ ಮಳೀನ ಇರಬೇಕಂತ ಅಂದ್ಕೊಂಡ್ವಿ.”

ಬಿಸಿಲು ನೆತ್ತಿ ಸುಡುತ್ತಿತ್ತು. ಮಕ್ತುಮಸಾಬ ಹೀನಾಳಿಗೆ ಚಹಾ ಕೊಟ್ಟು ಆಕಾಶ ನೋಡಿದ. ಖಾಲಿ ಕಪ್ ವಾಪಸ್ ತೆಗೆದುಕೊಂಡು ಆಕಾಶ ನೋಡಿದ. ಅವನು ಬೈದಿದ್ದರೆ ಅವಳಿಗೆ ಸುಲಭವಿತ್ತು. ಏಳು ಸಲ, ಮೂರು ಸಲ ಎಂದು ಟೀವಿಯಲ್ಲಿ ಹೇಳುವಾಗ ಆ ಮೂರು ಎಷ್ಟು ದೊಡ್ಡದೆಂದು ಹೊಳೆದಿರಲಿಲ್ಲ.

“ಖಾಲಾ, ಬರದಿದ್ರ?”

“ಬರದಿದ್ರ ಇವನ್ನ ಮತ್ತ ಬಿಚ್ಚತೇವಿ,” ಎಂದಳು ಹಸೀನಾಬಿ. “ನಮಗೇನು, ಮುಚ್ಚೂದೂ ಕೂಲಿ, ಬಿಚ್ಚೂದೂ ಕೂಲಿ.”

ಮೊದಲು ಗಾಳಿ ಬಂತು. ತಾಡಪತ್ರಿಗಳ ಹೊಟ್ಟೆ ಉಬ್ಬಿತು. ಪಶ್ಚಿಮದ ಕಡೆ ಆಕಾಶ ಕಾಡಿಗೆಯಾಯಿತು. ಮಂಗಳವ್ವ ಎಲೆಯಡಿಕೆ ಉಗುಳಿ, “ಕುಂದರ್ರೆ, ಎಲ್ಲಾರೂ ಕುಂದರ್ರೆ,” ಎಂದು ಕೂಗುವಷ್ಟರಲ್ಲಿ ಹನಿ ಬಿದ್ದವು, ಒಂದೊಂದೂ ಶೇಂಗಾ ಬೀಜದಷ್ಟು. ಹೀನಾ ಓಡಿಹೋಗಿ ಒಂದು ಅಂಚಿನ ಮೇಲೆ ಕುಳಿತಳು. ಮಕ್ತುಮಸಾಬ ಇನ್ನೊಂದರ ಮೇಲೆ ಕುಳಿತ. ಗುಡುಗಿತು, ಸುರಿಯಿತು. ತಾಡಪತ್ರಿಯ ಮೇಲೆ ಬಿದ್ದ ನೀರು ಹರಿದು ಬಂದು ಕುಳಿತವರನ್ನೆಲ್ಲ ನೆನೆಸಿತು. ಯಾರೂ ಏಳಲಿಲ್ಲ. ಒಬ್ಬರ ಕೆದರಿದ ತಲೆ ಇನ್ನೊಬ್ಬರು ನೋಡಿ ನಕ್ಕರು. ಬಾಯಿಗೆ ಕಟ್ಟಿದ ಬಟ್ಟೆ ಕಳಚಿ ಬಿದ್ದು, ಖಾಲಾ ಪೂರಾ ಬಾಯಿ ತೆರೆದು ನಗುವುದನ್ನು ಹೀನಾ ಎಷ್ಟೋ ತಿಂಗಳ ಮೇಲೆ ನೋಡಿದಳು.

ಮಂಗಳವ್ವ ಹೀನಾಳ ತಲೆ ನೋಡಿದಳು. “ಅಯ್ಯ ಇದೇನ, ಹಸಿರು ವೇಲಿನ್ಯಾಗ ಮಳಿ ಬರಾಕತ್ತೇತಿ.”

ಆಗ ಹೀನಾ, ಕೂತಲ್ಲಿಂದಲೇ, ಮಳೆಯ ಸಪ್ಪಳದ ಮೇಲೆ ಕೂಗಿ ಕೂಗಿ, ಹತ್ತಿಯ ವೇಲು ಒಣಗದ ಕತೆ ಹೇಳಿದಳು.

“ಅಂದ್ರ ನಾವು ಅಂದಿದ್ದ ಖರೇ ಇತ್ತು,” ಎಂದಳು ಮಂಗಳವ್ವ.

“ಅರ್ಧ ಖರೇರಿ. ಜಾಕೀರ್ ಚಹಾ ಚೆಲ್ಲಿದ್ರ ಸುಳ್ಳಾಗತೇತಿ. ನಾ ಮೂರನೇ ವೇಲ್ ತಗೊಂಡ್ರ ಏನ ಮಾಡತೀರಿ?”

“ಹಂಗಾದ್ರ ಹೊಸಾದು ತಗೋಬ್ಯಾಡ.”

“ಮಂಗಳವ್ವಾರ, ಬಣ್ಣದಾಗ ಬರೇ ಮಳಿ, ಬಿಸಲು ಹೇಳಬಹುದು. ಈ ಮಳಿ ಯಾಕ ಬಂತು, ಮುಂದಿನ ವರ್ಷ ಹೆಂಗ, ಇದನ್ನೆಲ್ಲ ಯಾವ ಬಣ್ಣದಾಗ ಹೇಳಲಿ? ನಿನ್ನಿ ಎಲ್ಲಾ ಹೇಳೇನಿ. ನಿಮಗ ತಾಡಪತ್ರಿ ಅಷ್ಟ ಕಂಡೇತಿ.”

ಮಂಗಳವ್ವ ತನ್ನ ಸೆರಗಿನ ನೀರು ಹಿಂಡಿದಳು. ಆಮೇಲೆ ತಿರುಗಿ, “ಸಾಬರ, ಐದು ನಿಮಿಷ ಗಿರಣಿ ನಿಲ್ಲಸ್ರಿ ದಿನಾ,” ಎಂದಳು.

“ಮೂರು ಫೇಸ್ ಕರೆಂಟ್ ಬರೂದ ಆ ಹೊತ್ತಿಗೆ. ಐದು ನಿಮಿಷದಾಗ ಎಷ್ಟು ಖಾರ ಬೀಸತೇನಿ ಗೊತ್ತೈತೇನು?”

“ಈಗ ಯಾವುದರ ಮ್ಯಾಲ ಕುಂತೀರಿ ಗೊತ್ತೈತೇನ್ರಿ?”

ಮಕ್ತುಮಸಾಬ ತಾನು ಕುಳಿತ ತಾಡಪತ್ರಿಯ ಅಂಚನ್ನು ಸ್ವಲ್ಪ ಎತ್ತಿ, ಒಳಗೆ ಬೆಂಕಿಯಂತೆ ಒಣಗಿ ಕೂತ ಕಾಯಿಗಳನ್ನು ನೋಡಿ, ಮತ್ತೆ ಮುಚ್ಚಿದ. “ಬರೇ ಐದು ನಿಮಿಷ,” ಎಂದ. “ಆರನೇ ನಿಮಿಷಕ್ಕ ಶುರು ಮಾಡತೇನಿ.”

ಸಂಜೆ ತೊಯ್ದ ಕೋಳಿಯಂತೆ ಸ್ಟುಡಿಯೋಕ್ಕೆ ಬಂದ ಹೀನಾಳಿಗೆ ಶಂಭುಲಿಂಗ ಟವೆಲ್ಲು ಕೊಟ್ಟ. “ಮೇಡ್ಲೇರಿಂದ ಬೈಗಳ ಬಂದಾವು. ಅಲ್ಲಿ ಹನಿ ಬಿದ್ದಿಲ್ಲಂತ.”

“ಹೌದ್ರಿ, ಅದನ್ನೂ ಇವತ್ತ ಹೇಳತೇನಿ. ಮೇಡ್ಲೇರಿಗೆ ನಾ ತಪ್ಪು ಹೇಳಿದೆ ಅಂತ.”

“ಹೇಳು, ಹೇಳು. ಮತ್ತ ಒಂದ ಮಾತು.” ಶಂಭುಲಿಂಗ ಕೆಮ್ಮಿದ. “ನನ್ನ ಪ್ರಶ್ನಿ ಚೊಲೋ ಇತ್ತಂತ ಬಾಳ ಮಂದಿ ಅಂದ್ರು. ವಾರಕ್ಕೊಂದು ಬರದು ಕೊಡತೇನಿ.”

ಹಸಿರು ವೇಲು ಹಿಂಡಿದರೆ ನೀರು ಸುರಿಯುತ್ತಿತ್ತು. ಶ್ರೀದೇವಿ ತನ್ನ ಹಳದಿ ಶಾಲು ಕೊಟ್ಟಳು. ಹೀನಾ ಅದನ್ನೇ ಹೊದ್ದು ಕುಳಿತಳು. ಬ್ಯಾಡಗಿಯಿಂದ ಒಂದರ ಹಿಂದೊಂದು ಫೋನ್ ಬಂದವು. ಹಳದಿ ಅಂದರೆ ಏನು, ಆಲಿಕಲ್ಲೋ ಬಿರುಗಾಳಿಯೋ? ಜಾಕೀರ್ ಎಲ್ಲರಿಗೂ, “ಬಾಯಿ ಕೇಳ್ರಿ, ಬಾಯಿ,” ಎಂದು ಹೇಳಿ ಹೇಳಿ ಸುಸ್ತಾದ.

ಭಾನುವಾರದ ಹವಾಮಾನವನ್ನು ಶನಿವಾರವೇ ಚಿತ್ರೀಕರಿಸಿಡುತ್ತಿದ್ದರು. ಹಾಗಾಗಿ ಆ ಭಾನುವಾರ ಹೀನಾ ಮಕ್ತುಮಸಾಬನ ಶೆಡ್ಡಿನಲ್ಲಿ ಖಾಲಾಳ ಪಕ್ಕ ಕುಳಿತು ತನ್ನನ್ನೇ ನೋಡುವುದಕ್ಕೆ ಬಂದಳು. ಯಾರೋ ಟೀವಿಯ ಗಾಜು ಒರೆಸಿದ್ದರು. ಎಮ್ಮೆಯ ಸುದ್ದಿ ಮುಗಿಯಿತು. ಎಮ್ಮೆ ಸಿಕ್ಕಿತ್ತು. ಮಕ್ತುಮಸಾಬ ಗಿರಣಿ ನಿಲ್ಲಿಸಿದ. ಪಟ್ಟಿ ಸುಯ್ಯೆಂದು ತಿರುಗಿ ತಿರುಗಿ ನಿಂತಿತು.

ಶೆಡ್ಡಿನಲ್ಲಿ ಇಷ್ಟು ಸದ್ದಿಲ್ಲದ್ದು ಯಾರಿಗೂ ರೂಢಿಯಿರಲಿಲ್ಲ. ಕಾಯಿಯ ತೊಟ್ಟು ಮುರಿಯುವ ಚಟ್ ಚಟ್ ಕೂಡ ಕೇಳುತ್ತಿತ್ತು. ಆಮೇಲೆ ಟೀವಿಯ ಹೀನಾ ಮಾತಾಡಿದಳು, ಅವತ್ತು ಗಿರಣಿ ಸಪ್ಪಳದಲ್ಲಿ ಮುಳುಗಿಹೋದ ಮಾತುಗಳನ್ನೇ ಮತ್ತೆ.

“ಇದು ನಿನ್ನ ದನೀನ?” ಎಂದಳು ಖಾಲಾ. “ಇಷ್ಟ ದಿನ ಸಣ್ಣ ದನಿ ಅಂತ ತಿಳ್ಕೊಂಡಿದ್ದೆ. ಗಂಡಸರ ಹಂಗೈತಲ್ಲ.”

“ಸುಮ್ನಿರಾ,” ಎಂದಳು ಮಂಗಳವ್ವ. ಅವಳು ಟೀವಿಗೇ ಪ್ರಶ್ನೆ ಕೇಳುತ್ತಿದ್ದಳು. ಏಳು ಸಲ ಅಂದರೆ ಯಾವ ಏಳು? ಡೀಸೆಲ್ಲು ಸುಟ್ಟರೆ ಮಳೆಗೇನು? ಬಸ್ಸಿನವರಿಗೆ ಯಾರು ಹೇಳುತ್ತಾರೆ? ಟೀವಿಯ ಹೀನಾ ತನ್ನ ಪಾಡಿಗೆ ಮುಂದೆ ಹೋಗುತ್ತಿದ್ದಳು. ಪಕ್ಕದಲ್ಲಿ ಕುಳಿತ ಹೀನಾ ಉತ್ತರ ಕೊಡುತ್ತಿದ್ದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದಳು. ಒಮ್ಮೆ ಟೀವಿಯ ಹೀನಾ ‘ಸಾಧ್ಯತೆ’ ಎಂದಳು. ಶೆಡ್ಡಿಗೆ ಶೆಡ್ಡೇ ತಿರುಗಿ ಪಕ್ಕದವಳನ್ನು ನೋಡಿತು.

“ಒಂದ ಸಲ ಬಂತು ಬಿಡ್ರಿ,” ಎಂದಳು ಹೀನಾ.

ನಮಸ್ಕಾರವಾಯಿತು. ನಿಜಲಿಂಗಪ್ಪನ ಜಾಹೀರಾತು ಬಂತು. ಮಕ್ತುಮಸಾಬ ಗಿರಣಿಯ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ. ಆರನೇ ನಿಮಿಷವಾಯಿತು. ಅವನು ಒತ್ತಲಿಲ್ಲ.

“ಅದಿರಲಿ ಬೇಟಿ,” ಎಂದ. “ಬಿಸಿ ಗಾಳಿ ಹೆಚ್ಚು ನೀರು ಹಿಡೀತೇತಿ ಅಂದೆಲ್ಲ. ಗಾಳಿಗೆ ಕೈಯಿಲ್ಲ, ಕೊಡ ಇಲ್ಲ. ಹೆಂಗ ಹಿಡೀತೇತಿ?”

“ವೇಲ್ ಒಣಗಿದ್ರ ಅದರಾಗಿನ ನೀರು ಎಲ್ಲಿಗೆ ಹೋಗತೇತಿ, ನೋಡ್ರಿ ಚಾಚಾ,” ಎಂದು ಹೀನಾ ಎದ್ದು, ತಲೆಯ ಮೇಲಿನ ಹಸಿರು ವೇಲು ತೆಗೆದು, ಕುಡಿಯುವ ನೀರಿನ ಕೊಡದಲ್ಲಿ ಅದರ ಒಂದು ತುದಿಯನ್ನು ಅದ್ದಿದಳು.